ಮಾವನ ಹಳೇ ರೈಫಲ್‌ಗೆ ಹೊಸ ಸ್ಕೋಪ್: ತೂತು ಕೊರೆಸೋ ಮುಂಚೆ ಇದನ್ನ ಓದ್ಕೊಳ್ಳಿ

ನನ್ನ ಹೆಂಡತಿ ಪೆನ್ಸಿಲ್ವೇನಿಯಾದ ಪಾಟರ್ ಕೌಂಟಿ ಕಡೆಯವಳು. ಅವಳ ಅಪ್ಪ, ಅಂದ್ರೆ ನಮ್ಮ ಮಾವ, ತೀರಿಕೊಂಡು ಆರು ತಿಂಗಳಾದ ಮೇಲೆ ಅತ್ತೆ ಒಂದು ಉದ್ದನೆ ಕ್ಯಾನ್ವಾಸ್ ಚೀಲ ತಂದು ನನ್ನ ಕೈಗೆ ಕೊಟ್ರು, ಇದು ಇನ್ಮೇಲೆ ನಿನ್ನದು ಅಂತ. ಒಳಗಿದ್ದದ್ದು ವಿಂಚೆಸ್ಟರ್ ಮಾಡೆಲ್ 70 ರೈಫಲ್, .30-06 ಅನ್ನೋ ಅಳತೆಯ ತೋಟೆಯದ್ದು, 1951ರದ್ದು, ಅದರ ಮೇಲೆ ವೀವರ್ ಕೆ4 ಅನ್ನೋ ಸ್ಕೋಪ್, ಅಂದ್ರೆ ಗುರಿಯನ್ನ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸೋ ದುರ್ಬೀನು. ರೈಫಲ್ ಎಣ್ಣೆ ಹಚ್ಚಿ ಇಟ್ಟು ಚೆನ್ನಾಗಿತ್ತು, ಆದ್ರೆ ಸ್ಕೋಪ್ ಒಳಗೆ ಕಣ್ಣಿಟ್ರೆ ಮಳೆಗಾಲದಲ್ಲಿ ಮಡಿಕೇರಿ ರಾಜಾಸೀಟಲ್ಲಿ ನಿಂತು ಕಣಿವೆ ನೋಡಿದ ಹಾಗೆ, ಬರೀ ಬಿಳಿ. ಸ್ಟಾಕಿನ (ಭುಜಕ್ಕೆ ಕೆನ್ನೆಗೆ ಇಡೋ ಮರದ ಭಾಗ) ಎಡಗಡೆ ಒಂದು ಮಾಸ್ಕಿಂಗ್ ಟೇಪ್ ತುಂಡು ಅಂಟಿಸಿತ್ತು, ಅದರ ಮೇಲೆ ಪೆನ್ಸಿಲಲ್ಲಿ ಮಾವನ ಅಕ್ಷರ: 150 ಗ್ರೇನ್ (ಅದು ಗುಂಡಿನ ತೂಕ), 100 ಗಜಕ್ಕೆ 2 ಇಂಚು ಮೇಲೆ.

ನಾನು ಸೋಮವಾರಪೇಟೆ ಕಡೆಯವನು, ಕೋವಿ ನನಗೆ ಹೊಸದಲ್ಲ. ನಮ್ಮಜ್ಜನ ಜೋಡು ನಳಿಗೆ ಕೋವಿ ಆಯುಧಪೂಜೆ ದಿನ ಕುಂಕುಮ ಹೂವು ಇಟ್ಕೊಂಡು ಜಗಲಿಗೆ ಬರೋದು, ಎಲೆಕ್ಷನ್ ಬಂದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗೋದು, ಉಳಿದಂತೆ ತೋಟಕ್ಕೆ ಹಂದಿ ನುಗ್ಗಿದಾಗ ಗಾಳಿಲಿ ಒಂದು ಈಡು. ಆದ್ರೆ ಅದಕ್ಕೆ ಸ್ಕೋಪ್ ಅನ್ನೋದೇ ಇರ್ಲಿಲ್ಲ, ನಳಿಗೆ ತುದಿಲಿ ಒಂದು ಹಿತ್ತಾಳೆ ಮಣಿ ಅಷ್ಟೇ. ಸ್ಕೋಪ್ ವಿಷ್ಯ ಎಲ್ಲಾ ನಾನು ಇಲ್ಲಿ ಬಂದು ಕಲಿತದ್ದು, ಸ್ವಲ್ಪ ದುಡ್ಡು ಕಳ್ಕೊಂಡೇ ಕಲಿತದ್ದು. ಅಮೆರಿಕದಲ್ಲಿ ನಮ್ಮೋರು ಎಷ್ಟೋ ಜನ ಈಗ ಇಲ್ಲಿನ ಮನೆತನಗಳಿಗೆ ಅಳಿಯ ಸೊಸೆ ಆಗಿದಾರೆ, ಹೀಗೆ ಹಳೇ ರೈಫಲ್ ಕೈಗೆ ಬರೋದು ಅಪರೂಪ ಏನಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೀತಿದೀನಿ.

ಮೊದಲೇ ಒಂದು ಮಾತು. ಹೊಸ ರೈಫಲ್‌ಗಾದ್ರೆ ಸ್ಕೋಪ್ ಇಷ್ಟಪಟ್ಟು ತಗೊಂಡು ಅದಕ್ಕೆ ತಕ್ಕ ಮೌಂಟ್ (ಸ್ಕೋಪನ್ನ ರೈಫಲ್‌ಗೆ ಹಿಡಿದಿಡೋ ಜೋಡಣೆ) ಹಾಕಿಸ್ಬಹುದು. ಹಳೇ ರೈಫಲ್‌ಗೆ ಇದು ಉಲ್ಟಾ, ಅದರ ಮೈಮೇಲೆ ಇರೋ ತೂತುಗಳು, ಸ್ಟಾಕಿನ ಎತ್ತರ, ಬೋಲ್ಟ್ (ತೋಟೆಯನ್ನ ನಳಿಗೆಗೆ ತಳ್ಳಿ ಹಿಂದಿಂದ ಮುಚ್ಚೋ ಅಗುಳಿ) ಹಿಡಿ ತಿರುಗೋ ಜಾಗ, ಇವು ಮೂರು ಸೇರಿ ಯಾವ ಸ್ಕೋಪ್ ಅಂತ ಮುಂಚೆನೇ ಅರ್ಧ ತೀರ್ಮಾನ ಮಾಡಿಬಿಟ್ಟಿರ್ತವೆ. ನಾವು ಮಾಡ್ಬೇಕಾಗಿರೋದು ಅದನ್ನ ಓದ್ಕೊಳ್ಳೋದು.

ಹೆಜ್ಜೆ 0: ರೈಫಲ್ ನಿಮ್ಮ ಹತ್ರ ಇರ್ಬಹುದಾ ಅಂತ ನೋಡಿ

ಇದನ್ನ ಹಾರಿಸಿ ಮುಂದೆ ಹೋಗ್ಬೇಡಿ. ಎಚ್-1ಬಿ ತರದ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರೋರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಆಗ್ಲಿ ತೋಟೆ ಆಗ್ಲಿ ಇಟ್ಕೊಳ್ಳೋ ಹಾಗಿಲ್ಲ. ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ಆದ್ರೆ ಲೈಸೆನ್ಸ್ ಅವಧಿ ಮುಗಿದ ದಿನವೇ ಆ ವಿನಾಯಿತಿನೂ ಮುಗೀತು, ಹಾಗಾಗಿ ವಕೀಲರನ್ನ ಕೇಳದೆ ಕೈಗೆ ತಗೋಬೇಡಿ. ಗ್ರೀನ್ ಕಾರ್ಡ್ ಇರೋರಿಗೆ ಈ ತಡೆ ಇಲ್ಲ. ಉಯಿಲಿನ ಮೂಲಕ ಬಂದ ಬಂದೂಕನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ತಗೊಂಡು ಹೋಗೋಕೆ ಫೆಡರಲ್ ಕಾನೂನಲ್ಲಿ ಅವಕಾಶ ಇದೆ, ಆದ್ರೆ ನೀವಿರೋ ರಾಜ್ಯದ ಕಾನೂನು ಬೇರೆನೇ ಇರ್ಬಹುದು, ಅದನ್ನೂ ನೋಡ್ಕೊಳ್ಳಿ. ಇನ್ನೊಂದು, ಸ್ಕೋಪ್ ಬರೀ ಗಾಜಿನ ಕೊಳವೆ ಅಲ್ವಾ ಅಂತ ಊರಿಗೆ ಹೋಗೋವಾಗ ಸೂಟ್‌ಕೇಸಲ್ಲಿ ಹಾಕ್ಕೋಬೇಡಿ, ರೈಫಲ್ ಸ್ಕೋಪ್‌ಗೂ ಇಲ್ಲಿನ ಎಕ್ಸ್‌ಪೋರ್ಟ್ ನಿಯಮಗಳು ಇವೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದೇ ನಿಂತು ಹೋಗಿದೆ, ಅಲ್ಲಿ ಅದರ ಕೆಲಸವೂ ಇಲ್ಲ.

ಹೆಜ್ಜೆ 1: ಖಾಲಿ ಮಾಡಿ, ಆಮೇಲೆ ಗುರುತು ಹಿಡೀರಿ

ಬೋಲ್ಟ್ ತೆಗೆದು ಒಳಗೆ ತೋಟೆ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ನಳಿಗೆ ಒಳಗೆ ಬೆಳಕು ಬಿಟ್ಟು ಜೇಡರ ಬಲೆ, ತುಕ್ಕು, ಒಣಗಿದ ಗ್ರೀಸ್ ಏನಾದ್ರೂ ಇದೆಯಾ ನೋಡಿ. ಹತ್ತಿಪ್ಪತ್ತು ವರ್ಷ ಬಳಸದೆ ಇದ್ದದ್ದಾದ್ರೆ ಸ್ಕೋಪ್‌ಗೆ ಒಂದು ಡಾಲರ್ ಖರ್ಚು ಮಾಡೋ ಮುಂಚೆ ಒಬ್ಬ ಗನ್‌ಸ್ಮಿತ್, ಅಂದ್ರೆ ಬಂದೂಕು ರಿಪೇರಿಯವರ ಹತ್ರ ತಗೊಂಡು ಹೋಗಿ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ತೋಟೆಗೂ ನಡುವಿನ ಬಿಗಿತ) ನೋಡಿಸಿ. ಗುಂಡು ಹೊಡೆಯೋಕೆ ಯೋಗ್ಯ ಅಂತ ಗೊತ್ತಾದ ಮೇಲೇ ಉಳಿದ ಮಾತು.

ಆಮೇಲೆ ಇದು ಯಾವ ರೈಫಲ್, ಯಾವ ಕಾಲದ್ದು ಅಂತ. ಮಾಡೆಲ್ 70 ಅನ್ನ ವಿಂಚೆಸ್ಟರ್ ಕಂಪನಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ 1936ರಿಂದ ಮಾಡೋಕೆ ಶುರು ಮಾಡ್ತು, 1964ರಲ್ಲಿ ಖರ್ಚು ಉಳಿಸೋಕೆ ವಿನ್ಯಾಸ ಬದಲಾಯಿಸ್ತು. ಆ ಬದಲಾವಣೆ ಜನಕ್ಕೆ ಎಷ್ಟು ಬೇಸರ ಆಯ್ತು ಅಂದ್ರೆ ಅದಕ್ಕಿಂತ ಹಿಂದಿನದ್ದಕ್ಕೆಲ್ಲ ಇವತ್ತಿಗೂ ಪ್ರೀ-64 ಅಂತಾನೇ ಹೆಸರು, ಬೆಲೆನೂ ಜಾಸ್ತಿ. ಸೀರಿಯಲ್ ನಂಬರಿಂದ ವರ್ಷ ಗೊತ್ತಾಗತ್ತೆ, ಸ್ಟಾಕ್ ಬಿಚ್ಚಿದ್ರೆ ನಳಿಗೆ ಅಡಿಭಾಗದಲ್ಲಿ ವರ್ಷದ ಕೊನೇ ಎರಡು ಅಂಕಿ ಅಚ್ಚು ಹಾಕಿರೋದು ಸಿಗತ್ತೆ. ನಮ್ಮದು ಹೆಡ್‌ಸ್ಪೇಸ್ ನೋಡೋಕೆ ಬಿಚ್ಚಿದಾಗ ಗನ್‌ಸ್ಮಿತ್ ಕರೆದು ತೋರಿಸಿದ್ರು, 51 ಅಂತ.

ಹೆಜ್ಜೆ 2: ತೂತುಗಳನ್ನ ಎಣಿಸಿ

ಇದೇ ಮುಖ್ಯ, ಇಲ್ಲೇ ನಿಧಾನ ಮಾಡಿ. ರಿಸೀವರ್ (ಬೋಲ್ಟ್ ಕೂರೋ ಉಕ್ಕಿನ ಮೈ) ಮೇಲ್ಭಾಗದಲ್ಲಿ ಸ್ಕೋಪ್ ಬೇಸ್ (ಸ್ಕೋಪನ್ನ ಹೊರೋ ಅಡಿಪಟ್ಟಿ) ಕೂರಿಸೋಕೆ ಕಂಪನಿಯವರೇ ಮಾಡಿದ ತಿರುಪಿನ ತೂತುಗಳು ಇದಾವಾ, ಎಷ್ಟಿವೆ, ಆಮೇಲೆ ಯಾರಾದ್ರೂ ಹೊಸದು ಕೊರೆಸಿದಾರಾ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾಡೆಲ್ 70ಗಳಲ್ಲಿ ಹಿಂದಿನ ಸೇತುವೆಗೆ (ಬೋಲ್ಟ್ ಹಿಡಿ ಹತ್ರ ಇರೋ ಕಮಾನು) ಕಂಪನಿಯ ತೂತು ಇರ್ತಿರ್ಲಿಲ್ಲ, ಯುದ್ಧ ಆದ ಮೇಲಿನವಕ್ಕೆ ಮುಂದೆ ಎರಡು ಹಿಂದೆ ಎರಡು ಬಂತು. ಯುದ್ಧಕ್ಕೆ ಮುಂಚಿನದ್ದು ಹಿಂದಗಡೆ ತೂತಿಲ್ಲದೆ ಹಾಗೇ ಉಳಿದು ನಿಮಗೆ ಸಿಕ್ಕಿದ್ರೆ, ದಯವಿಟ್ಟು, ಅದಕ್ಕೆ ಸ್ಕೋಪ್ ಹಾಕೋ ಯೋಚನೆನೇ ಬಿಡಿ, ಎಡಪಕ್ಕದಲ್ಲಿ ಪೀಪ್ ಸೈಟ್ (ಸಣ್ಣ ಕಂಡಿಯಲ್ಲಿ ಇಣುಕಿ ಗುರಿ ನೋಡೋ ಸಾಧನ) ಕೂರಿಸೋ ತೂತು ಇರತ್ತೆ, ಅದನ್ನ ಬಳಸಿ. ಡ್ರಿಲ್ ಬಿಟ್ ಒಂದು ಸಲ ಆ ಉಕ್ಕಿಗೆ ಇಳೀತು ಅಂದ್ರೆ ವಾಪಸ್ ಬರೋ ದಾರಿ ಇಲ್ಲ, ಸಂಗ್ರಾಹಕರ ಕಣ್ಣಲ್ಲಿ ಬೆಲೆನೂ ಅಲ್ಲೇ ಬೀಳತ್ತೆ.

ನಾನು ಮೊದಲು ಹೋದ ಅಂಗಡಿಲಿ ಕೌಂಟರ್ ಹಿಂದಿದ್ದ ಹುಡುಗ ನೋಡಿದ ಕೂಡ್ಲೆ ಹೇಳಿದ್ದು, ಈ ಹಳೇ ಬೇಸ್ ಕಿತ್ತಾಕಿ ಉದ್ದದ ಪಿಕಟಿನಿ ರೈಲ್ (ಹಲ್ಲು ಹಲ್ಲಿನ ಒಂದೇ ತುಂಡಿನ ಬೇಸ್) ಹಾಕೋಣ, ಸ್ಕ್ರೂ ಚಿಕ್ಕದು, ದೊಡ್ಡ ತೂತು ಮಾಡಿ 8-40 ಅಳತೆಯ ದಪ್ಪ ಸ್ಕ್ರೂ ಹಾಕಿದ್ರೆ ಗಟ್ಟಿ ಇರತ್ತೆ ಅಂತ. 8-40 ಗಟ್ಟಿ ಅನ್ನೋದು ಸುಳ್ಳಲ್ಲ, ಭಾರಿ ಒದೆತ ಇರೋ ರೈಫಲ್‌ಗಳಿಗೆ ಮಾಡ್ತಾರೆ. ಆದ್ರೆ ಈ ರೈಫಲ್‌ಗೆ ಬಂದಿರೋ 6-48 ಸ್ಕ್ರೂಗಳು .30-06ರ ಒದೆತ ಎಪ್ಪತ್ತು ವರ್ಷ ತಡ್ಕೊಂಡಿವೆ, ಹಗುರ ಸ್ಕೋಪ್ ಹಾಕಿದ್ರೆ ಇನ್ನೂ ತಡ್ಕೋತವೆ. ಭಾರದ ಸ್ಕೋಪ್ ಬೇಕು ಅಂದಾಗ್ಲೇ ದೊಡ್ಡ ತೂತು ಬೇಕಾಗೋದು. ಅಲ್ಲಿಂದ ಸುಮ್ನೆ ಚೀಲ ಎತ್ಕೊಂಡು ಬಂದೆ.

ಬೇರೆ ರೈಫಲ್‌ಗಳ ಬಗ್ಗೆ ಬೇಗ ಹೇಳ್ಬಿಡ್ತೀನಿ. ವಿಂಚೆಸ್ಟರ್ 94, ಆ ಕೌಬಾಯ್ ಲಿವರ್ ರೈಫಲ್, 1980ರ ದಶಕದ ಮುಂಚಿನದ್ದಾದ್ರೆ ಖಾಲಿ ತೋಟೆ ನೇರ ಮೇಲಕ್ಕೆ ಹಾರತ್ತೆ, ಸ್ಕೋಪ್ ಮೇಲಿದ್ರೆ ಅದಕ್ಕೇ ಬಡಿಯತ್ತೆ, ಅದನ್ನ ಕಬ್ಬಿಣದ ಸೈಟಲ್ಲೇ ಇಟ್ಕೊಳ್ಳೋದು ವಾಸಿ. ಮಾರ್ಲಿನ್ 336 ಪಕ್ಕಕ್ಕೆ ಎಸೆಯತ್ತೆ, ಅದಕ್ಕೆ ಚಿಕ್ಕ ಸ್ಕೋಪ್ ಸೊಗಸಾಗಿ ಕೂರತ್ತೆ. ಸ್ಯಾವೇಜ್ 99ರಲ್ಲಿ ಹಳೇವಕ್ಕೆ ತೂತಿಲ್ಲ, ಆಮೇಲಿನವಕ್ಕೆ ಇದೆ, ನೋಡಿಯೇ ತಿಳೀಬೇಕು. ಮಿಲಿಟರಿ ಮೌಸರ್ 98 ಆದ್ರೆ ಬೋಲ್ಟ್ ಹಿಡಿನೂ ಮೇಲಿನ ಸೇಫ್ಟಿನೂ ಸ್ಕೋಪ್‌ಗೆ ತಾಗತ್ತೆ, ಎರಡನ್ನೂ ಬದಲಾಯಿಸ್ದೆ ಆಗಲ್ಲ, ಯಾರೋ ಹಿಂದೆಯೇ ಬದಲಾಯಿಸಿ ಬೇಟೆ ರೈಫಲ್ ಮಾಡಿದ್ರೆ ಮಾತ್ರ ಮುಂದುವರೀರಿ. ರೆಮಿಂಗ್ಟನ್ 700, 1962ರಲ್ಲಿ ಬಂದದ್ದು, ಅದಕ್ಕೆ ಬೇಸ್ ಎಲ್ಲ ಕಡೆ ಸಿಗತ್ತೆ, ತಲೆನೋವಿಲ್ಲ.

ಹೆಜ್ಜೆ 3: ಹಳೇ ಸ್ಕೋಪ್ ನಿಜವಾಗ್ಲೂ ಹೋಗಿದೆಯಾ?

ಮಂಜು ಹೊರಗಿನ ಗಾಜಿಗೆ ಕೂತಿದ್ದಾ ಒಳಗಾ ನೋಡಿ. ಮೆತ್ತನೆ ಬಟ್ಟೇಲಿ ಒರೆಸಿದ್ರೆ ಹೋದ್ರೆ ಹೊರಗಿನದ್ದು, ಸಮಸ್ಯೆ ಅಲ್ಲ. ಒಳಗಿದ್ರೆ ಸೀಲ್ ಒಣಗಿ ಒಡೆದು, ಒಳಗೆ ತುಂಬಿದ್ದ ಒಣ ಅನಿಲ ಹೋಗಿ ತೇವದ ಗಾಳಿ ಸೇರಿದೆ ಅಂತ ಅರ್ಥ. ಕೆಲವು ಹಳೇ ಸ್ಕೋಪ್‌ಗಳಲ್ಲಿ ಮಂಜು ಇರಲ್ಲ, ಬದಲಿಗೆ ಗಾಜುಗಳನ್ನ ಜೋಡಿಸಿದ ಅಂಟು ಹಳದಿ ಆಗಿರತ್ತೆ ಇಲ್ಲ ಅಂಚಲ್ಲಿ ಬಿಟ್ಕೊಂಡಿರತ್ತೆ, ಅದು ಸುಲಭಕ್ಕೆ ವಾಸಿ ಆಗಲ್ಲ.

ಬಿಲ್ ವೀವರ್ ಅನ್ನೋರು 1930ರಲ್ಲಿ ಕೆಂಟಕಿಲಿ ಶುರು ಮಾಡಿ 1933ರಲ್ಲಿ ಟೆಕ್ಸಾಸಿನ ಎಲ್ ಪಾಸೋಗೆ ಹೋದ್ರು, ಅವರ ಅಗ್ಗದ ಗಟ್ಟಿ ಸ್ಕೋಪ್‌ಗಳಿಂದಾನೇ ಸಾಮಾನ್ಯ ಕೂಲಿಕಾರ ಬೇಟೆಗಾರರ ರೈಫಲ್ ಮೇಲೂ ಸ್ಕೋಪ್ ಬಂದದ್ದು. ಉಕ್ಕಿನ ಕೊಳವೆ, ಮೇಲೆ ಎಲ್ ಪಾಸೋ ಅಂತ ಬರೆದಿರತ್ತೆ. ಇವನ್ನ ಬಿಚ್ಚಿ ಕ್ಲೀನ್ ಮಾಡಿ ಹೊಸ ಸೀಲ್ ಹಾಕಿ ಮತ್ತೆ ಅನಿಲ ತುಂಬಿ ಕೊಡೋ ಸಣ್ಣ ವರ್ಕ್‌ಶಾಪ್‌ಗಳು ಅಮೆರಿಕದಲ್ಲಿ ಇನ್ನೂ ಇವೆ. ರೈಫಲ್ ಬರೀ ನೆನಪಿಗೆ, ವರ್ಷಕ್ಕೆ ನಾಲ್ಕು ಈಡು ಸಾಕು ಅನ್ನೋರಿಗೆ ಅದೇ ಒಳ್ಳೇ ದಾರಿ, ನಾನು ಮನಸಾರೆ ಹೇಳ್ತೀನಿ. ನಾನು ಯಾಕೆ ಮಾಡ್ಲಿಲ್ಲ ಅಂದ್ರೆ ಹೆಂಡತಿ ಈ ರೈಫಲಲ್ಲೇ ಜಿಂಕೆ ಸೀಸನ್‌ಗೆ ಹೋಗ್ತಾಳೆ, ಅವಳ ಅಪ್ಪನ ಹಾಗೆ. ಪೆನ್ಸಿಲ್ವೇನಿಯಾದಲ್ಲಿ ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮುಂಚಿಂದ ಮುಳುಗಿ ಅರ್ಧ ಗಂಟೆವರೆಗೆ ಬೇಟೆ ಸಮಯ, ಆ ಮಬ್ಬು ಬೆಳಕಲ್ಲೇ ಜಿಂಕೆ ಓಡಾಡೋದು. ಮೇಲ್ಲೇಪ ಇಲ್ಲದ ಗಾಜಿನ ಒಂದೊಂದು ಮುಖದಲ್ಲೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕು ಹಿಂದಕ್ಕೆ ಹೋಗತ್ತೆ, ಸ್ಕೋಪ್ ಒಳಗೆ ಅಂಥ ಮುಖಗಳು ಎಷ್ಟೋ ಇರ್ತವೆ. ಹಳೇ ಒಂದು ಪದರದ ಲೇಪ ಅದನ್ನ ಸ್ವಲ್ಪ ತಡೀತಿತ್ತು, ಈಗಿನ ಹಲವು ಪದರದ ಲೇಪದಲ್ಲಿ ಆ ನಷ್ಟ ಒಂದಕ್ಕಿಂತ ಕಮ್ಮಿ. ಮರದ ನೆರಳು ಯಾವುದು ಜಿಂಕೆ ಕೊಂಬು ಯಾವುದು ಅಂತ ಬೇರೆ ಮಾಡೋದು ಅಲ್ಲಿ.

ಹೆಜ್ಜೆ 4: ಅಳತೆ ತಗೊಳ್ಳಿ

ಅಂಗಡಿಗೆ ಹೋಗೋ ಮುಂಚೆ, ಹಳೇ ಸ್ಕೋಪ್ ಇನ್ನೂ ಮೇಲಿರೋವಾಗ್ಲೇ, ಒಂದು ಚೀಟಿಲಿ ಇವನ್ನ ಬರ್ಕೊಳ್ಳಿ.

ಕೊಳವೆಯ ದಪ್ಪ. ಕೆ4 ಒಂದು ಇಂಚು, ಅಂದ್ರೆ 25.4 ಮಿಮೀ, ಈಗಿನ ಒಂದಿಂಚಿನ ಸ್ಕೋಪ್ ಅದೇ ರಿಂಗಲ್ಲಿ (ಸ್ಕೋಪನ್ನ ಬೇಸಿಗೆ ಹಿಡಿಯೋ ಬಳೆ) ಕೂರತ್ತೆ. ಆದ್ರೆ ಅದಕ್ಕೂ ಹಳೇ ವೀವರ್‌ಗಳು ಮುಕ್ಕಾಲು ಇಂಚು, ಲೈಮನ್ ಅಲಾಸ್ಕನ್ 7/8 ಇಂಚು, ಯುರೋಪಿನ ಹಳೇವು 26 ಮಿಮೀ ಆಸುಪಾಸು, ಇವಕ್ಕಾದ್ರೆ ರಿಂಗ್ ಬದಲಾಯಿಸ್ಲೇಬೇಕು. ಈಗ ಎಲ್ಲರೂ ಹೊಗಳೋ 30 ಮಿಮೀ ಕೊಳವೆ ಈ ರೈಫಲ್ ಮೇಲೆ ದಪ್ಪ ಕಾಣತ್ತೆ, ಭಾರನೂ ಜಾಸ್ತಿ, ಬೆಳಕಿಗೆ ಅದರಿಂದಾನೇ ದೊಡ್ಡ ಲಾಭ ಆಗಲ್ಲ.

ಮುಂದಿನ ರಿಂಗ್ ನಡುವಿಂದ ಹಿಂದಿನ ರಿಂಗ್ ನಡುವಿಗೆ ಎಷ್ಟು ದೂರ. ಇದನ್ನ ತುಂಬಾ ಜನ ಮರೀತಾರೆ. ಪ್ರೀ-64 ಮಾಡೆಲ್ 70ರ ಆಕ್ಷನ್ (ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ) ಉದ್ದ, ಸಣ್ಣ ತೋಟೆಯ ರೈಫಲ್‌ಗೂ ಅದೇ ಉದ್ದದ ಆಕ್ಷನ್ ಹಾಕಿದಾರೆ. ಈಗಿನ ಎಷ್ಟೋ ಸ್ಕೋಪ್‌ಗಳಲ್ಲಿ ಟರೆಟ್ (ಗುರಿ ಹೊಂದಿಸೋ ಗುಂಡಿಗಳು ಇರೋ ನಡುಭಾಗ) ಆಚೆ ಈಚೆ ನೆಟ್ಟಗಿರೋ ಕೊಳವೆ ಕಮ್ಮಿ, ರಿಂಗ್ ಹಿಡಿಯೋಕೆ ಜಾಗ ಸಾಲಲ್ಲ, ಸಿಕ್ಕಿದ್ರೂ ಕಣ್ಣಿಗೆ ಬೇಕಾದ ಹಾಗೆ ಹಿಂದೆ ಮುಂದೆ ಸರಿಸೋಕೆ ಆಗಲ್ಲ. ಕಂಪನಿ ವೆಬ್‌ಸೈಟಲ್ಲಿ ಸ್ಕೋಪ್‌ನ ಅಳತೆ ಚಿತ್ರ ಇರತ್ತೆ, ನಿಮ್ಮ ನಂಬರ್ ಅದರ ಜೊತೆ ಹೋಲಿಸಿ ನೋಡಿ, ಇಷ್ಟವಾದ ಅರ್ಧ ಸ್ಕೋಪ್‌ಗಳು ಇಲ್ಲೇ ಬಿದ್ದು ಹೋಗ್ತವೆ.

ಸ್ಕೋಪ್ ಮುಂಭಾಗದ ಕೆಳಗೆ ನಳಿಗೆ ಮೇಲೆ ಎಷ್ಟು ಸಂದು ಇದೆ, ಅಲ್ಲಿ ಹಿಂದಿನ ಕಬ್ಬಿಣದ ಸೈಟ್ ಇನ್ನೂ ಇದೆಯಾ. ಮುಂದಿನ ಗಾಜು ದೊಡ್ಡದಾದ್ರೆ ಆ ಸೈಟಿಗೆ ಒತ್ಕೊಳ್ಳತ್ತೆ. ಆಮೇಲೆ ಬೋಲ್ಟ್ ಹಿಡಿ ಪೂರ್ತಿ ಎತ್ತಿ, ಅದಕ್ಕೂ ಸ್ಕೋಪ್ ಹಿಂಭಾಗಕ್ಕೂ ಎಷ್ಟು ಬೆರಳು ಜಾಗ ನೋಡಿ, ಈಗಿನ ಸ್ಕೋಪ್‌ಗಳ ಹಿಂಭಾಗ ಹಳೇದಕ್ಕಿಂತ ದಪ್ಪ, ಚಳಿಗೆ ಗ್ಲವ್ಸ್ ಹಾಕ್ಕೊಂಡ ಬೆರಳು ಅಲ್ಲಿ ಸಿಕ್ಕಿ ಹಾಕ್ಕೋಬಾರ್ದು.

ಹೆಜ್ಜೆ 5: ಕೆನ್ನೆ ಎಲ್ಲಿ ಕೂರತ್ತೆ

ನನ್ನ ತಪ್ಪು ಇಲ್ಲಿ ಆದದ್ದು. ಮೊದಲು ತಂದದ್ದು 4-16×50 (ನಾಲ್ಕರಿಂದ ಹದಿನಾರು ಪಟ್ಟು, ಮುಂದಿನ ಗಾಜು 50 ಮಿಮೀ), ಹದಿನಾರು ಪಟ್ಟು ಅಂದ್ರೆ ಚೆನ್ನಾಗಿ ಕಾಣತ್ತಲ್ಲ ಅಂತ. 50 ಮಿಮೀ ಗಾಜು ನಳಿಗೆಗೆ ತಾಗದ ಹಾಗೆ ಎತ್ತರದ ರಿಂಗ್ ಹಾಕಿದೆ. ಆ ಕಾಲದ ಸ್ಟಾಕ್ ಕಬ್ಬಿಣದ ಸೈಟ್ ನೋಡೋಕೆ ಅಂತ ಕೆತ್ತಿದ್ದು, ಕೆನ್ನೆ ಇಡೋ ಜಾಗ ತಗ್ಗಲ್ಲಿದೆ, ಹಾಗಾಗಿ ಸ್ಕೋಪ್ ನೋಡ್ಬೇಕಂದ್ರೆ ಕೆನ್ನೆ ಮರದಿಂದ ಎತ್ತಿ ಗದ್ದ ಇಡ್ಬೇಕಾಯ್ತು. ಗದ್ದ ಇಟ್ರೆ ತಲೆ ಪ್ರತಿ ಸಲ ಬೇರೆ ಬೇರೆ ಕಡೆ, ಗುರಿ ನಿಲ್ಲಲ್ಲ, ಒದೆತ ದವಡೆಗೆ ಬರತ್ತೆ. ಹೆಂಡತಿ ಎರಡು ಈಡು ಹೊಡೆದು ಇದು ಅಪ್ಪನ ರೈಫಲ್ ತರ ಇಲ್ಲ ಅಂತ ಕೆಳಗಿಟ್ಲು. ವಾಪಸ್ ಕೊಟ್ಟೆ, ರಿಂಗಿನ ದುಡ್ಡು ಹೋಯ್ತು.

ಹಾಗಾಗಿ ಹಳೇ ಸ್ಟಾಕಿಗೆ ಲೋ ರಿಂಗ್, ಅದಕ್ಕೆ ತಕ್ಕ ಹಾಗೆ ಮುಂದಿನ ಗಾಜು 32ರಿಂದ 40 ಮಿಮೀ, ಅದರ ಮೇಲೆ ಬೇಡ. ಪರೀಕ್ಷೆ ಸುಲಭ: ಖಾಲಿ ರೈಫಲ್, ನವೆಂಬರ್ ಕೊನೆಲಿ ಹಾಕೋ ದಪ್ಪ ಜಾಕೆಟ್ ಹಾಕ್ಕೊಳ್ಳಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ ಕೆನ್ನೆ ಆರಾಮಾಗಿ ಇಟ್ಟು ಆಮೇಲೆ ಕಣ್ಣು ತೆರೀರಿ. ಪೂರ್ತಿ ದುಂಡನೆ ಚಿತ್ರ ತಕ್ಷಣ ಕಾಣ್ಬೇಕು. ಕತ್ತು ಉದ್ದ ಮಾಡಿ ಹುಡುಕ್ಬೇಕಾದ್ರೆ ಎತ್ತರ ಇಲ್ಲ ದೂರ ಸರಿ ಇಲ್ಲ.

ಹೆಜ್ಜೆ 6: ಎಷ್ಟು ಪಟ್ಟು, ಎಷ್ಟು ಬೆಳಕು

ಮಾವ ಹೊಡೆದ ಜಿಂಕೆಗಳೆಲ್ಲ ಐವತ್ತರಿಂದ ನೂರೈವತ್ತು ಗಜದ ಒಳಗೆ ಅಂತ ಅತ್ತೆ ಹೇಳ್ತಾರೆ. ಉತ್ತರ ಪೆನ್ಸಿಲ್ವೇನಿಯಾ ಕಾಡು ದಟ್ಟ, ಅದಕ್ಕಿಂತ ದೂರ ಕಣ್ಣೇ ಹೋಗಲ್ಲ. ಅಲ್ಲಿಗೆ ನಾಲ್ಕು ಪಟ್ಟು ಸಾಕಾಗಿತ್ತು, ಇವತ್ತಿಗೂ ಸಾಕು. ಬಯಲು ಸೀಮೆ ರಾಜ್ಯಗಳಲ್ಲಿ ಮುನ್ನೂರು ಗಜ ಅಂದ್ರೂ ಒಂಬತ್ತು ಪಟ್ಟು ಸಾಕಾಗಿ ಉಳಿಯತ್ತೆ.

ಇಲ್ಲೊಂದು ಲೆಕ್ಕ ಕಲ್ತ್ಕೊಳ್ಳಿ. ಮುಂದಿನ ಗಾಜಿನ ಮಿಮೀ ಭಾಗಿಸು ಪಟ್ಟು, ಬಂದದ್ದು ನಿಮ್ಮ ಕಣ್ಣಿಗೆ ಬರೋ ಬೆಳಕಿನ ಕಂಬದ ಅಗಲ, ಎಕ್ಸಿಟ್ ಪ್ಯೂಪಿಲ್ ಅಂತಾರೆ. 3-9×40 ಸ್ಕೋಪಲ್ಲಿ 9ಕ್ಕೆ ಇಟ್ರೆ 4.4 ಮಿಮೀ, 6ಕ್ಕೆ ಇಟ್ರೆ 6.7. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಮೀ ಅಗಲ ಆಗತ್ತೆ, ವಯಸ್ಸಾದ್ಮೇಲೆ 5ರ ಹತ್ರ. ಅಂದ್ರೆ ಮಬ್ಬಲ್ಲಿ ಪಟ್ಟು ಕಮ್ಮಿ ಮಾಡಿದ್ರೆ ಸಾಕು, ದೊಡ್ಡ ಗಾಜು ಬೇಕಿಲ್ಲ. ನಾನು ಆ 50 ಮಿಮೀ ತರೋ ಮುಂಚೆ ಈ ಭಾಗಾಕಾರ ಗೊತ್ತಿದ್ದಿದ್ರೆ ಸಾಕಿತ್ತು.

ಐ ರಿಲೀಫ್, ಅಂದ್ರೆ ಕಣ್ಣಿಗೂ ಹಿಂದಿನ ಗಾಜಿಗೂ ಇರ್ಬೇಕಾದ ದೂರ, .30-06ಗೆ 3.5 ಇಂಚಿಗಿಂತ ಕಮ್ಮಿ ಬೇಡ, 4 ಇದ್ರೆ ಒಳ್ಳೇದು. ಕಮ್ಮಿ ಇದ್ದು ಮೇಲ್ಮುಖವಾಗಿ ಹೊಡೆದ್ರೆ ಸ್ಕೋಪ್ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರ ಗಾಯ ಆಗತ್ತೆ. ಪೆಟ್ಟಿಗೆ ಮೇಲೆ ಪಟ್ಟು ಕಮ್ಮಿ ಇಟ್ಟಾಗಿನ ಅಂಕಿನ ದೊಡ್ಡದಾಗಿ ಹಾಕಿರ್ತಾರೆ, ನೀವು ಜಾಸ್ತಿ ಪಟ್ಟಿನದ್ದು ನೋಡಿ.

ಪ್ಯಾರಲ್ಯಾಕ್ಸ್ (ಕಣ್ಣು ಅಲುಗಿದ್ರೆ ಗುರಿ ಗೆರೆ ಸರಿದ ಹಾಗೆ ಕಾಣೋದು) 100 ಇಲ್ಲ 150 ಗಜಕ್ಕೆ ಕಂಪನಿಯಲ್ಲೇ ಹೊಂದಿಸಿದ್ದು ತಗೊಳ್ಳಿ. .22 ರೈಫಲ್‌ಗೆ ಅಂತ ಮಾರೋದು 50 ಗಜದ ಆಸುಪಾಸಿಗೆ ಹೊಂದಿಸಿರತ್ತೆ, ಅಗ್ಗ ಅಂತ ಅದನ್ನ ತಂದು ಹಾಕ್ಬೇಡಿ.

ಕ್ರಾಸ್‌ಹೇರ್, ಅಂದ್ರೆ ಸ್ಕೋಪ್ ಒಳಗೆ ಕಾಣೋ ಅಡ್ಡ ಉದ್ದ ಗುರಿ ಗೆರೆಗಳ ಬಗ್ಗೆ ಹೆಚ್ಚು ತಲೆ ಕೆಡಿಸ್ಕೋಬೇಡಿ. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದ ಡುಪ್ಲೆಕ್ಸ್, ಹೊರಗೆ ದಪ್ಪ ನಡುವೆ ತೆಳು ಗೆರೆ, ಬೇಟೆಗೆ ಇವತ್ತಿಗೂ ಅದಕ್ಕಿಂತ ಚೆಂದದ್ದು ಬಂದಿಲ್ಲ, ಮಬ್ಬಲ್ಲಿ ತೆಳು ಗೆರೆ ಕಾಣ್ದೇ ಇದ್ರೂ ದಪ್ಪ ಗೆರೆಗಳು ಕಣ್ಣನ್ನ ನಡುವಿಗೆ ತಂದು ನಿಲ್ಲಿಸ್ತವೆ. ತುಂಬಾ ಚುಕ್ಕಿ ಗೀಟು ಇರೋದು ದೂರದ ಗುರಿ ಸ್ಪರ್ಧೆಗೆ.

ಹಾಗಾಗಿ ನನ್ನ ಆಯ್ಕೆ: ಒಂದಿಂಚು ಕೊಳವೆ, ಹೊಳಪಿಲ್ಲದ ಬಣ್ಣ ಬೇಡ ಹೊಳಪಿನ ಕಪ್ಪು ಸಿಕ್ಕಿದ್ರೆ ಅದೇ (ಹಳೇ ನೀಲಿ-ಕಪ್ಪು ಉಕ್ಕಿಗೆ ಅದು ಒಪ್ಪತ್ತೆ), ಎತ್ತರದ ಟರೆಟ್ ಇಲ್ಲದೆ ಮುಚ್ಚಳ ಇರೋದು, 2-7×33 ಇಲ್ಲ 3-9×40, ತೂಕ 13 ಔನ್ಸ್ ಒಳಗೆ. ಸ್ಥಿರ 4 ಇಲ್ಲ 6 ಪಟ್ಟಿನದ್ದು ಸಿಕ್ಕಿದ್ರೆ ಅದು ಇನ್ನೂ ಒಪ್ಪತ್ತೆ, ಆದ್ರೆ ಈಗ ಅಂಥವು ಮಾಡೋರು ಕಮ್ಮಿ. ನಾವು ಕೊನೆಗೆ ಹಾಕಿದ್ದು 3-9×40, ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲಾ ದಿನ ಅದು 4ರಲ್ಲೇ ಇರತ್ತೆ.

ಹೆಜ್ಜೆ 7: ಹಳೇ ಬೇಸ್ ಇಟ್ಕೊಳ್ಳೋದಾ

ನಮ್ಮದರ ಮೇಲೆ ರೆಡ್‌ಫೀಲ್ಡ್ ಮಾದರಿ ಬೇಸ್ ಇತ್ತು: ಮುಂದಿನ ರಿಂಗ್ ಬೇಸಿನ ತೋಡಿನೊಳಗೆ ತಿರುಗಿ ಕೂರತ್ತೆ, ಹಿಂದಿನದ್ದನ್ನ ಎಡ ಬಲ ಎರಡು ದೊಡ್ಡ ಸ್ಕ್ರೂ ಹಿಡಿದಿರ್ತವೆ. ಆ ಸ್ಕ್ರೂ ಯಾಕೆ ಅಂದ್ರೆ ಆ ಕಾಲದ ಎಷ್ಟೋ ಸ್ಕೋಪಲ್ಲಿ ಹೊಂದಿಸ್ತಾ ಹೋದ್ರೆ ಕ್ರಾಸ್‌ಹೇರೇ ಚಿತ್ರದ ನಡುವಿಂದ ಪಕ್ಕಕ್ಕೆ ಸರಿದು ಕಾಣ್ತಿತ್ತು, ಅದಕ್ಕೆ ದೊಡ್ಡ ಹೊಂದಾಣಿಕೆ ಬೇಸಲ್ಲೇ ಮಾಡಿ, ಸಣ್ಣದು ಮಾತ್ರ ಸ್ಕೋಪಲ್ಲಿ ಮಾಡ್ತಿದ್ರು. ಈಗಿನ ಸ್ಕೋಪಲ್ಲಿ ಕ್ರಾಸ್‌ಹೇರ್ ಯಾವಾಗ್ಲೂ ನಡುವೆಯೇ ಇರತ್ತೆ. ಆದ್ರೂ ಆ ಬೇಸ್ ಬಿಸಾಕೋ ಕಾರಣ ಇಲ್ಲ, ಉಕ್ಕಿನದ್ದು, ಬಿರುಕಿಲ್ಲದೆ ಸ್ಕ್ರೂ ಗಟ್ಟಿ ಇದ್ರೆ ಇನ್ನೊಂದು ತಲೆಮಾರು ಬರತ್ತೆ, ಈ ಮಾದರಿ ರಿಂಗ್ ಲ್ಯೂಪೋಲ್ಡ್ ಇವತ್ತಿಗೂ ಮಾಡತ್ತೆ. ಬೇಸ್ ಹಾಳಾಗಿದ್ರೆ ಮಾತ್ರ ಅದೇ ತೂತಿಗೆ ಕೂರೋ ಹೊಸ ಎರಡು ತುಂಡಿನ ಉಕ್ಕಿನ ಬೇಸ್ ತಗೊಳ್ಳಿ, ಟ್ಯಾಲಿ, ವಾರ್ನ್ ಕಂಪನಿಗಳ ಪಟ್ಟಿಲಿ ಪ್ರೀ-64 ಅಂತ ಬೇರೆ ನಂಬರ್ ಇರತ್ತೆ. ಮಾಡೆಲ್ 70 ಅಂತ ಅಷ್ಟೇ ಕೇಳಿದ್ರೆ ಬೇರೇದು ಕೊಟ್ಟು ಬಿಡ್ತಾರೆ, .300 ಮತ್ತು .375 ಎಚ್ ಆಂಡ್ ಎಚ್ ಮ್ಯಾಗ್ನಮ್ ಅನ್ನೋ ದೊಡ್ಡ ತೋಟೆಯ ಮಾಡೆಲ್ 70ಗಳ ಹಿಂದಿನ ತೂತುಗಳ ದೂರವೇ ಬೇರೆ, ಅದನ್ನೂ ಹೇಳಿ ಕೇಳಿ.

ಹೆಜ್ಜೆ 8: ಕೂರಿಸೋದು

ಹಳೇ ಸ್ಕ್ರೂ ಬಿಚ್ಚೋಕೆ ಅಡುಗೆಮನೆ ಡ್ರಾಯರಿನ ಸ್ಕ್ರೂಡ್ರೈವರ್ ಬಳಸ್ಬೇಡಿ, ತಲೆಯ ಸೀಳು ಒಡೆದು ಹೋಗತ್ತೆ. ತುದಿ ಒಂದೇ ದಪ್ಪ ಇರೋ ಗನ್‌ಸ್ಮಿತ್ ಬಿಟ್ ಸೆಟ್ ಸಿಗತ್ತೆ, ಸೀಳಿಗೆ ಗಟ್ಟಿ ಕೂರೋದನ್ನ ಹಾಕಿ. ಬರದೇ ಇದ್ರೆ ಒಂದು ಹನಿ ತುಕ್ಕಿನ ಎಣ್ಣೆ ಬಿಟ್ಟು ರಾತ್ರಿ ಇಡಿ, ಇಸ್ತ್ರಿಪೆಟ್ಟಿಗೆ ಅಲ್ಲ ಬೆಸುಗೆ ಕಡ್ಡಿ ಬಿಸಿ ಸ್ಕ್ರೂ ತಲೆಗೆ ಮುಟ್ಟಿಸಿದ್ರೂ ಹಳೇ ಅಂಟು ಬಿಡತ್ತೆ.

ತೂತುಗಳನ್ನ ಎಣ್ಣೆ ಇಲ್ಲದ ಹಾಗೆ ಒರೆಸಿ, ಬೇಸ್ ಸ್ಕ್ರೂಗೆ ನೀಲಿ ಬಣ್ಣದ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದೇ ಹನಿ, ಕೆಂಪು ಬೇಡ. ಮುಂದಿನ ಸ್ಕ್ರೂ ಉದ್ದ ಆದ್ರೆ ಬೋಲ್ಟಿಗೆ ಇಲ್ಲ ನಳಿಗೆಯ ತಿರುಪಿಗೆ ತಾಗತ್ತೆ, ಬೇಸ್ ಕೂರಿಸಿ ಬೋಲ್ಟ್ ಆಡಿಸಿ ನೋಡಿ. ತಿರುಗೋ ಮಾದರಿ ಮುಂದಿನ ರಿಂಗನ್ನ ಸ್ಕೋಪ್ ಹಿಡಿದು ತಿರುಗಿಸ್ಲೇಬೇಡಿ, ಹೊಸ ಸ್ಕೋಪ್ ಅಲ್ಲೇ ಬಾಗತ್ತೆ, ಹಾರ್ಡ್‌ವೇರ್ ಅಂಗಡಿಲಿ ಸಿಗೋ ಒಂದಿಂಚಿನ ದುಂಡು ಮರದ ಕೋಲು ರಿಂಗಿಗೆ ಕಚ್ಚಿಸಿ ಅದರಿಂದ ತಿರುಗಿಸಿ.

ಆಮೇಲೆ ಸ್ಕೋಪ್ ಇಟ್ಟು, ಜಾಕೆಟ್ ಹಾಕ್ಕೊಂಡು ಕಣ್ಣು ಮುಚ್ಚೋ ಪರೀಕ್ಷೆ ಮತ್ತೆ ಮಾಡಿ, ಅತಿ ಹೆಚ್ಚು ಪಟ್ಟಿಗೆ ಇಟ್ಟು ಮಾಡಿ. ನೆಟ್ಟಗೆ ಇದೆಯಾ ನೋಡೋಕೆ ದೂರದಲ್ಲಿ ದಾರಕ್ಕೆ ಕಲ್ಲು ಕಟ್ಟಿ ನೇತು ಹಾಕಿ, ನಮ್ಮ ಕಡೆ ಗಾರೆಯವರು ತೂಗುಗುಂಡು ಬಿಡ್ತಾರಲ್ಲ ಹಾಗೆ, ಉದ್ದ ಗೆರೆ ಆ ದಾರಕ್ಕೆ ಸರಿಯಾಗಿ ಕೂಡ್ಬೇಕು. ರಿಂಗಿನ ಸ್ಕ್ರೂಗಳನ್ನ ಕೋನಕ್ಕೆ ಕೋನ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಎರಡೂ ಕಡೆ ಸಂದು ಒಂದೇ ಇರ್ಲಿ. ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ಸ್ಕ್ರೂಡ್ರೈವರ್ ಇದ್ರೆ ರಿಂಗಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ಆದ್ರೆ ನಿಮ್ಮ ರಿಂಗ್ ಕಂಪನಿ ಹೇಳಿದ್ದೇ ಕೊನೇ ಮಾತು.

ಹೆಜ್ಜೆ 9: ಗುರಿ ಕೂಡಿಸೋದು

ಬೋಲ್ಟ್ ತೆಗೆದು ರೈಫಲನ್ನ ಮರಳ ಚೀಲದ ಮೇಲಿಟ್ಟು ನಳಿಗೆ ಹಿಂದಿಂದ ಅದರೊಳಗೆ ಇಣುಕಿ 25 ಗಜದ ಗುರಿ ನೋಡಿ, ಅಲುಗಿಸದೆ ಕ್ರಾಸ್‌ಹೇರನ್ನ ಅದೇ ಗುರಿಗೆ ತನ್ನಿ. ಈಗ ಮೊದಲ ಈಡು ಕಾಗದಕ್ಕಂತೂ ಬೀಳತ್ತೆ. ಕಣ್ಣಿಗೆ ಕಿವಿಗೆ ರಕ್ಷಣೆ ಹಾಕ್ಕೊಳ್ಳಿ. ಚೀಲದಲ್ಲಿ ಸಿಕ್ಕಿದ ಮಾವನ ಕಾಲದ ತೋಟೆಗಳಿಂದ ಇದನ್ನ ಮಾಡ್ಬೇಡಿ, ಬೇಟೆಗೆ ಯಾವುದು ಬಳಸ್ತೀರೋ ಅದೇ ಹೊಸ ಪೆಟ್ಟಿಗೆ ತಗೊಳ್ಳಿ.

25 ಗಜಕ್ಕೆ ಸರಿ ಮಾಡಿ 100ಕ್ಕೆ ಹೋಗಿ. ಸಾಮಾನ್ಯ ಸ್ಕೋಪಲ್ಲಿ ಹೊಂದಿಸೋ ಗುಂಡಿಯ ಒಂದು ಕ್ಲಿಕ್ ಅಂದ್ರೆ ಕಾಲು ಎಂಒಎ (ಕೋನದ ಸಣ್ಣ ಅಳತೆ), 100 ಗಜಕ್ಕೆ ಹತ್ತತ್ರ ಕಾಲು ಇಂಚು, ಅಂದ್ರೆ ಅಲ್ಲಿ ನಾಲ್ಕು ಕ್ಲಿಕ್ಕಿಗೆ ಒಂದು ಇಂಚು. 25 ಗಜದಲ್ಲಿ ಒಂದು ಇಂಚು ಸರಿಸೋಕೆ ಹದಿನಾರು ಕ್ಲಿಕ್ ಬೇಕು, ಇದನ್ನ ಮರೆತು ಸ್ಕೋಪ್ ಕೆಟ್ಟಿದೆ ಅಂದ್ಕೊಳ್ಳೋರು ತುಂಬಾ ಜನ. ಮೂರು ಮೂರು ಈಡು ಹೊಡೆದು ಗುಂಪಿನ ನಡುವನ್ನ ನೋಡಿ ಸರಿಸಿ, ಒಂದೊಂದು ಈಡಿನ ಹಿಂದೆ ಓಡ್ಬೇಡಿ. ನಳಿಗೆ ತೆಳು, ಮೂರು ಈಡಿಗೆ ಬಿಸಿ ಆಗಿ ಗುಂಪು ಚೆದುರತ್ತೆ, ಕೈ ಇಟ್ರೆ ತಣ್ಣಗೆ ಅನ್ನಿಸೋವರೆಗೆ ಬೋಲ್ಟ್ ತೆರೆದಿಟ್ಟು ಕಾಯ್ರಿ. ಇಂಥ ರೈಫಲಲ್ಲಿ 100 ಗಜಕ್ಕೆ ಒಂದೂವರೆ ಎರಡು ಇಂಚಿನ ಗುಂಪು ಬಂದ್ರೆ ತೃಪ್ತಿ ಪಡಿ.

ಮಾವ ಟೇಪಲ್ಲಿ ಬರೆದ 2 ಇಂಚು ಮೇಲೆ ಅನ್ನೋದರ ಅರ್ಥ ನನಗೆ ಅವತ್ತು ಆಯ್ತು. 150 ಗ್ರೇನ್ ಗುಂಡು 100 ಗಜದಲ್ಲಿ ಹತ್ತತ್ರ ಎರಡು ಇಂಚು ಮೇಲೆ ಬಿದ್ರೆ 200 ಗಜದ ಆಸುಪಾಸಲ್ಲಿ ನೇರ ಗುರಿಗೆ ಬೀಳತ್ತೆ. ಅಲ್ಲೀವರೆಗೆ ಯಾವ ಲೆಕ್ಕಾನೂ ಹಾಕ್ಬೇಕಿಲ್ಲ, ಜಿಂಕೆಯ ಭುಜದ ಹಿಂದಕ್ಕೆ ಗುರಿ ಇಟ್ಟು ಕುದುರೆ (ಟ್ರಿಗರ್) ಒತ್ತಿದ್ರೆ ಆಯ್ತು. ಕ್ಲಿಕ್ಕಿನ ಲೆಕ್ಕ ಪುಸ್ತಕದಲ್ಲಿ ಓದಿದ ನಾನು ಒಂದು ಮಧ್ಯಾಹ್ನ ತಗೊಂಡು ಅವರು ಒಂದು ಟೇಪ್ ತುಂಡಲ್ಲಿ ಬರೆದದ್ದಕ್ಕೇ ಬಂದು ನಿಂತೆ.

ಇಪ್ಪತ್ತು ಈಡು ಆದ್ಮೇಲೆ ಬೇಸ್ ರಿಂಗ್ ಸ್ಕ್ರೂಗಳನ್ನ ಮತ್ತೊಂದು ಸಲ ನೋಡಿ. ಚಳಿಲಿ ಹೊರಗಿಂದ ಬಂದ ರೈಫಲನ್ನ ನೇರ ಒಲೆ ಹತ್ತಿರದ ಬೆಚ್ಚಗಿನ ಕೋಣೆಗೆ ತರ್ಬೇಡಿ, ಮೈಯೆಲ್ಲ ಬೆವರತ್ತೆ, ಖಾಲಿ ಮಾಡಿ ಬೀಗ ಇರೋ ತಣ್ಣಗಿನ ಜಾಗದಲ್ಲೇ ಇಡಿ.

ಹಳೇ ಸ್ಕೋಪ್ ಏನು ಮಾಡೋದು? ಮಾರ್ಬೇಡಿ, ಬಿಸಾಕ್ಬೇಡಿ. ರೈಫಲ್ ಜೊತೆ ಬಂದ ಸ್ಕೋಪ್, ರಿಂಗ್, ಬಿಚ್ಚಿದ ಒಂದೊಂದು ಸ್ಕ್ರೂನೂ ಒಂದು ಡಬ್ಬಿಗೆ ಹಾಕಿ. ನಾವು ಡಬ್ಬಿ ಒಳಗೆ ಒಂದು ಕಾರ್ಡ್ ಇಟ್ಟಿದೀವಿ: ಸೀರಿಯಲ್ ನಂಬರ್, ಯಾವ ಸ್ಕೋಪ್ ಯಾವತ್ತು ತೆಗೆದದ್ದು, ಹೊಸದು ಯಾವುದು, ಯಾವ ರಿಂಗ್, ಎಷ್ಟು ಬಿಗಿ. ಸ್ಟಾಕಿನ ಟೇಪ್ ಹಾಗೇ ಬಿಟ್ಟಿದೀವಿ. ಅದರ ಕೆಳಗೆ ಹೆಂಡತಿ ಇನ್ನೊಂದು ತುಂಡು ಅಂಟಿಸಿ, ಅದೇ ಅಂಕಿನ ಅವಳ ಕೈಲಿ ಬರೆದಿದಾಳೆ.